ಅಡಿಗೆಮನೆ ಕುಡಿದ ಕಾರು

ಹೋದ ವಾರ ನಮ್ಮ ಕಚೇರಿಯಲ್ಲಿ ಶಿರಸ್ತೇದಾರರು ಪತ್ರಿಕೆಯನ್ನು ಮುಖದ ಮುಂದೆ ಅಗಲವಾಗಿ ಹಿಡಿದು, ಹೊರದೇಶದಲ್ಲೆಲ್ಲೋ ಪೆಟ್ರೋಲಿನ ಹಂಗಿಲ್ಲದೆ ಬರೀ ಬ್ಯಾಟರಿಯ ಮೇಲೆ ಓಡುವ ಕಾರು ಮಾಡಿದ್ದಾರಂತೆ, ಇನ್ನೆಲ್ಲೋ ಕಬ್ಬಿನ ಮಡ್ಡಿಯಿಂದ ತೆಗೆದ ಸ್ಪಿರಿಟ್ಟನ್ನು ಹಾಕಿ ಓಡಿಸುತ್ತಾರಂತೆ ಎಂದು ಓದಿ ಹೇಳಿದರು. ಕಚೇರಿಗೆ ಕಚೇರಿಯೇ ಬಾಯಿ ತೆರೆದು ಕೂತಿತು. ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕಿಸಲು ಯೋಚಿಸುವವರೆಲ್ಲ ಮುಂದಿನ ಕಾಲದ ಕಾರಿನ ಬಗ್ಗೆ ಅಭಿಪ್ರಾಯ ಕೊಟ್ಟರು. ನಾನು ಕಡತದಿಂದ ತಲೆಯೆತ್ತದೆ, "ಅವರ ಮನೆ ಹೆಂಗಸರನ್ನ ಒಂದು ಮಾತು ಕೇಳಿದಾರಂತೇನ್ರೀ?" ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ.

ನಮ್ಮ ಮನೆಯ ಬಚ್ಚಲ ಗೋಡೆಗೆ ಭಾವನವರ ಕಾರಿಗೆ ಎಣ್ಣೆ ಸುರಿಯುತ್ತಿದ್ದ ಒಂದು ತಗಡಿನ ಲಾಳಿಕೆ ನೇತುಬಿದ್ದಿದೆ. ಬಾಯಿ ಅಗಲ, ಕೊಳವೆ ಸೊಟ್ಟ. ಮೂಗಿಗೆ ಹಿಡಿದರೆ ಮೊದಲು ಸೀಮೆಎಣ್ಣೆ, ಆಮೇಲೆ ಶೇಂಗಾ ಎಣ್ಣೆಯ ಕಮಟು, ಎಲ್ಲಕ್ಕೂ ತಳದಲ್ಲಿ, ಯಾರೋ ಶ್ರೀಮಂತರು ಓಣಿಯಲ್ಲಿ ಹಾದುಹೋದ ಹಾಗೆ, ಪೆಟ್ರೋಲಿನ ಒಂದು ಎಳೆ ಸಿಗುತ್ತದೆ. "ಆ ದರಿದ್ರಾನ ಬಿಸಾಕ್ರಿ" ಎಂದು ನನ್ನ ಹೆಂಡತಿ ವರ್ಷಕ್ಕೆರಡು ಸಲ ಹೇಳುತ್ತಾಳೆ. ಬಿಸಾಡಲು ನನಗೆ ಭಯ. ಬಿಸಾಡಿದ್ದನ್ನು ಯಾರಾದರೂ ಎತ್ತಿಕೊಂಡು ಹೋಗಿ, ನಮ್ಮ ಭಾವನವರಿಗೆ ಹೊಳೆದಂಥ ವಿಚಾರ ಅವರಿಗೂ ಹೊಳೆದುಬಿಟ್ಟರೆ?

ಭಯ ಎಂದೆನಲ್ಲ, ನನಗೆ ಅದೊಂದೇ ಸ್ವಂತ ಆಸ್ತಿ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಓಣಿಯ ತುದಿಗೆ ಹೋದವನು ವಾಪಸು ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ರೈಲು ತುಂಗಭದ್ರೆಯ ಸೇತುವೆಯ ಮೇಲೆ ಹೋಗುವಾಗ ಉಸಿರು ಬಿಗಿಹಿಡಿದು ಕೂರುತ್ತೇನೆ, ನನ್ನ ಉಸಿರಿನ ಭಾರವೇ ಹೆಚ್ಚಾಗಿ ಏನಾದರೂ ಆದೀತೆಂದು. ಇಂಥವನನ್ನು ದೇವರು ಕಾರು ಇಟ್ಟುಕೊಂಡವನ ಹೆಂಡತಿಯ ತಮ್ಮನಾಗಿ ಹುಟ್ಟಿಸಿದ. ಆ ದೇವರ ಮೇಲೂ ನನಗೆ ಅಂಥ ಗೌರವ ಉಳಿದಿಲ್ಲ.

ನಮ್ಮದು ಹರಿಹರ. ಅಕ್ಕ ನೀಲಮ್ಮನನ್ನು ಕೊಟ್ಟದ್ದು ದಾವಣಗೆರೆಗೆ. ಒಂಬತ್ತು ಮೈಲಿ. ಭಾವ ರುದ್ರಪ್ಪನವರದು ಶೇಂಗಾ ದಲಾಲಿ. ಒಂದು ಹಿಡಿ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ ಊದಿದರೆ ಸಾಕು, ಯಾವ ಹೊಲದ್ದು, ಎಷ್ಟು ಎಣ್ಣೆ ಬಿಡುತ್ತದೆ ಎಂದು ಹೇಳಿಬಿಡುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಬುದ್ಧಿವಂತರೆಂದೇ ಅವರನ್ನು ನೆನೆಯುತ್ತಿದ್ದೆ.

ಪಂಚಮಿ ಬಂತೆಂದರೆ ನಮ್ಮ ಕಡೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆದು ತರಬೇಕು. ಹಿಂದಿನ ದಿನವೇ ರೊಟ್ಟಿ ಬಡಿದು, ಉಂಡಿ ಕಟ್ಟಿ, ಕರಿಯುವುದನ್ನೆಲ್ಲ ಕರಿದಿಟ್ಟುಬಿಡುತ್ತಾರೆ. ಹಬ್ಬದ ದಿನ ಒಲೆಯ ಮೇಲೆ ಹಂಚಿಡುವಂತಿಲ್ಲ, ಎಣ್ಣೆ ಕಾಯಿಸುವಂತಿಲ್ಲ. ನಾಗಪ್ಪನ ಹೆಡೆ ಸುಡುತ್ತದೆ. ಬೆಳಗ್ಗೆ ಮಣ್ಣಿನ ನಾಗಪ್ಪನ ಮುಂದೆ ಅಕ್ಕ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲೂ ಎರೆಯುತ್ತಿದ್ದಳು. "ತಮ್ಮನ ಪಾಲು" ಎನ್ನುವಾಗ ಬಟ್ಟಲು ಸ್ವಲ್ಪ ಹೆಚ್ಚೇ ಬಾಗುತ್ತಿತ್ತು. ವರ್ಷವೆಲ್ಲ ಗೋಳಾಡುವ ನನಗೆ ಆ ಹೆಚ್ಚಿನ ನಾಲ್ಕು ಹನಿಯೇ ವಿಮೆ.

ಭಾವನವರು ದಲಾಲಿಯ ಗಲಾಟೆಯಲ್ಲಿ ಹಿಂದಿನ ದಿನ ಹೆಂಡತಿಯನ್ನು ಕಳಿಸುವವರಲ್ಲ. ಆದ್ದರಿಂದ ನಾನೇ ಮುನ್ನಾದಿನ ದಾವಣಗೆರೆಗೆ ಹೋಗಿ ಅಲ್ಲೇ ಉಳಿದು, ಹಬ್ಬದ ಬೆಳಗಿನ ಮೊದಲ ರೈಲಿಗೆ ಅಕ್ಕನನ್ನು ಹತ್ತಿಸಿಕೊಂಡು ಬರುತ್ತಿದ್ದೆ. ಮೊಣಕಾಲ ಮೇಲೆ ಉಂಡಿಯ ಬುಟ್ಟಿ, ಕಿಟಕಿಯಾಚೆ ಹಸಿರು ಹೊಲ. ಒಂದು ಕತೆ ಮುಗಿಯುವುದರೊಳಗೆ ಹರಿಹರ. ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಭಾವನವರು ಕಾರು ಕೊಂಡರು.

ಕಾರು ಬರುವ ಮೊದಲು ಹರಿಹರ ದಾವಣಗೆರೆಗೆ ಒಂಬತ್ತು ಮೈಲಿ ಇತ್ತು. ಕಾರು ಬಂದ ಮೇಲೆ ಕಾಶಿಯಷ್ಟು ದೂರವಾಯಿತು. "ಕಾರಿಟ್ಕೊಂಡೋನ ಹೆಂಡ್ತಿ ರೈಲಿನಾಗೆ, ಬಸ್ಸಿನಾಗೆ ಹೋದ್ರೆ ಮಂಡಿಯೋರು ನನ್ನ ಮುಖಕ್ಕೆ ಉಗುಳ್ತಾರೆ" ಎಂದು ಭಾವನವರು ಕಟ್ಟಪ್ಪಣೆ ಮಾಡಿದರು. ಸರಿ, ಕಾರಿನಲ್ಲೇ ಹೋಗೋಣವೆಂದರೆ ಅದು ಹೋಗಬೇಕಲ್ಲ!

ಅದು ಅಮೆರಿಕದ ಹಳೆಯ ಕಾರು. ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ, ತಪ್ಪು ಅವರದಲ್ಲ. ಅವರು ಅದನ್ನು ಪೆಟ್ರೋಲು ಕುಡಿಯಲೆಂದು ಮಾಡಿದ್ದರು, ಮಗು ಹಾಲು ಕುಡಿಯಲೆಂದು ಹುಟ್ಟುವ ಹಾಗೆ. ಆದರೆ ಪೆಟ್ರೋಲು ಹಾಕಿ ಕಾರು ಓಡಿಸುವುದು ಭಾವನವರಿಗೆ ಅವಮಾನವೆನಿಸುತ್ತಿತ್ತು. ದುಡ್ಡಿನ ಮಾತು ಬೇರೆ; ಇದು ತತ್ತ್ವ. "ಪೆಟ್ರೋಲು ಹಾಕಿ ಯಾವ ದಡ್ಡನಾದ್ರೂ ಓಡಿಸ್ತಾನೆ. ಅದರಾಗೇನೈತಿ ಬುದ್ಧಿವಂತಿಕಿ?" ಎನ್ನುತ್ತಿದ್ದರು. ಸಂಜೆ ಅವರ ಅಂಗಡಿಯ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂರುವ ನಾಲ್ಕು ಜನ ಇದಕ್ಕೆ ತಲೆದೂಗುತ್ತಿದ್ದರು. ಆ ನಾಲ್ವರಲ್ಲಿ ಒಬ್ಬನಿಗೂ ಕಾರು ಹಾಗಿರಲಿ, ಕತ್ತೆಯನ್ನು ಓಡಿಸಿ ಗೊತ್ತಿರಲಿಲ್ಲ. ಪರರ ಮಂಡಕ್ಕಿ ತಿನ್ನುವವರು ಯಾವ ತತ್ತ್ವಕ್ಕಾದರೂ ಒಪ್ಪುತ್ತಾರೆ.

ಹೌದೆನ್ನದ ಒಬ್ಬರೇ ಒಬ್ಬರು ಖಾದರ್ ಸಾಬ್ ಮಿಸ್ತ್ರಿ. ಅವರ ಷೆಡ್ಡು ನಿಟ್ಟುವಳ್ಳಿಯ ದಾರಿಯಲ್ಲಿತ್ತು. "ಅರೆ ರುದ್ರಪ್ಪಣ್ಣ, ಪೆಟ್ರೋಲ್ ಹಾಕ್ರಿ, ಖತಂ. ಎಮ್ಮೆಗೆ ಮಂಡಕ್ಕಿ ಹಾಕಿ ಹಾಲು ಕೇಳ್ತೀರಲ್ಲ ನೀವು!" ಎಂದು ಅವರು ಮುಖಕ್ಕೇ ಹೇಳುತ್ತಿದ್ದರು. ಹೇಳಿದ ಮೇಲೆ ಭಾವನವರು ಹೇಳಿದ್ದನ್ನೇ ಮಾಡಿಕೊಡುತ್ತಿದ್ದರು. ಜಾಣರಿಗೂ ಹೊಟ್ಟೆಯಿದೆಯಷ್ಟೆ.

ಮೊದಲನೆಯ ಅವತಾರ ಇದ್ದಿಲು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಹಂಡೆಯಂಥ ಒಂದು ಡ್ರಮ್ಮು ಕಟ್ಟುತ್ತಿದ್ದುದು ನಿಮಗೆ ನೆನಪಿರಬಹುದು. ಅದರೊಳಗೆ ಇದ್ದಿಲು ತುಂಬಿ, ಗಾಳಿ ಹೆಚ್ಚು ತಾಗದಂತೆ ಕುಮುಲಿಸಿ, ಬರುವ ಅನಿಲವನ್ನು ಕೊಳವೆಯಲ್ಲಿ ಎಂಜಿನ್ನಿಗೆ ಬಿಡುವುದು. ಯುದ್ಧ ಮುಗಿದು ಆರೇಳು ವರ್ಷವಾಗಿ, ಬಸ್ಸಿನವರೆಲ್ಲ ಆ ಡ್ರಮ್ಮುಗಳನ್ನು ಗುಜರಿಗೆ ಹಾಕುತ್ತಿದ್ದಾಗ ಭಾವನವರು ಒಂದನ್ನು ತಂದು ಕಾರಿನ ಬೆನ್ನಿಗೆ ಕಟ್ಟಿಸಿದರು. ಲೋಕವೆಲ್ಲ ಬಿಟ್ಟದ್ದನ್ನು ಹಿಡಿಯುವುದಕ್ಕೂ ಒಂದು ಧೈರ್ಯ ಬೇಕು.

ಇದ್ದಿಲು ಎಲ್ಲಿಂದ? ಅಕ್ಕನ ಒಲೆಯಿಂದ. ಅಡಿಗೆ ಮುಗಿದ ಮೇಲೆ ಕೆಂಡಕ್ಕೆ ನೀರು ಚಿಮುಕಿಸಿ, ಆರಿದ ಇದ್ದಿಲನ್ನು ಶೇಗಡಿ ಒಲೆಗೆಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅದು ಕಾರಿನ ಹೊಟ್ಟೆ ಸೇರಿತು. ಸಾಲದೆ ಬಂದದ್ದಕ್ಕೆ ಮಲೆಬೆನ್ನೂರಿನ ಕಡೆಯಿಂದ ಚೀಲಗಟ್ಟಲೆ ತರಿಸಿದರು. ಅದನ್ನು ಇಟ್ಟದ್ದು ಅಡಿಗೆಮನೆಯಲ್ಲೇ, ಬೇರೆಲ್ಲಿಟ್ಟರೆ ತೇವವಾಗುತ್ತದೆಂದು. ಹೊರಡುವ ಮುಂಚೆ ಇಪ್ಪತ್ತು ನಿಮಿಷ ಡ್ರಮ್ಮಿನ ಬೀಸಣಿಗೆಯ ಹಿಡಿಕೆಯನ್ನು ತಿರುಗಿಸಬೇಕು. ಅದು ಭಾಮೈದನ ಹಕ್ಕು.

ಆ ವರ್ಷದ ಪಂಚಮಿಗೆ ತುಂತುರು ಮಳೆ ಹಿಡಿದಿತ್ತು. ಇದ್ದಿಲು ತಣ್ಣಗೆ ಮುನಿಸಿಕೊಂಡಿತ್ತು. ಹಿಡಿಕೆ ತಿರುಗಿಸಿ ನನ್ನ ರಟ್ಟೆ ಬಿತ್ತು. ಹೊರಟೆವು. ಬಾತಿ ಗುಡ್ಡದ ಹತ್ತಿರದ ಏರಿನಲ್ಲಿ ಕಾರು ಉಬ್ಬಸದ ಮುದುಕನಂತೆ ಎರಡು ಸಲ ಕೆಮ್ಮಿ ನಿಂತಿತು. "ಇಳೀರಿ, ಒಂದೀಟು ದಬ್ರಿ" ಎಂದರು ಭಾವ, ಸ್ಟಿಯರಿಂಗು ಹಿಡಿದು ಕೂತಲ್ಲಿಂದಲೇ. ನಾನು ದಬ್ಬಿದೆ. ಸಾಲಲಿಲ್ಲ. ಅಕ್ಕನೂ ಇಳಿದು, ಹೊಸ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ದಬ್ಬಿದಳು. ಹರಿಹರದ ಕಡೆಗೆ ಹೊರಟಿದ್ದ ಒಂದು ಚಕ್ಕಡಿ ನಮ್ಮನ್ನು ದಾಟಿ ಮುಂದೆ ಹೋಯಿತು; ಎತ್ತುಗಳೂ ನಮ್ಮ ಕಡೆ ಒಮ್ಮೆ ನೋಡಿದವು. ಕಾರು ಮುಂದಕ್ಕೆ ಬಾರದೆ ಹಿಂದಕ್ಕೆ ಜಾರಿತು. ಇಳಿಜಾರು ದಾವಣಗೆರೆಯ ಕಡೆಗೇ ಇದ್ದುದರಿಂದ ನಾವು ಆ ದಿನ ದಾವಣಗೆರೆಗೇ ಹೋದೆವು. ಅಕ್ಕನ ಮುಖ, ನನ್ನ ಮುಖ ಮಸಿ. ಓಣಿಯವರು "ಪಂಚಮಿಗೆ ಹೋಗಿದ್ರೋ, ಕಾಮಣ್ಣನ್ನ ಸುಡಾಕೆ ಹೋಗಿದ್ರೋ?" ಎಂದು ಕೇಳಿದರು. ಹರಿಹರದಲ್ಲಿ ಅವ್ವ ಮಧ್ಯಾಹ್ನದವರೆಗೂ ಬಾಗಿಲಲ್ಲಿ ಕೂತಿದ್ದು, ಕಡೆಗೆ ತಾನೇ ಹಾಲೆರೆದಳಂತೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಚಿಕ್ಕಂದಿನಲ್ಲಿ ಅಕ್ಕನೂ ನಾನೂ ಜೋಳದ ದಂಟಿನ ಬೆಂಡಿನಲ್ಲಿ ಮೋಟಾರು ಮಾಡುತ್ತಿದ್ದೆವು. ದಂಟಿನ ಸಿಬಿರಿನಿಂದ ಕೀಲು, ಬೆಂಡಿನ ಬಿಲ್ಲೆಗಳೇ ಗಾಲಿ. ಅದಕ್ಕೆ ಇಂಧನ ನಮ್ಮ ಬಾಯಿ. ಬುರ್ರೆಂದು ಎಷ್ಟು ಹೊತ್ತು ಉಗುಳು ಸಿಡಿಸುತ್ತೇವೋ ಅಷ್ಟು ಹೊತ್ತು ಓಡುತ್ತಿತ್ತು. ಭಾವನವರ ಕಾರೂ ಹೆಚ್ಚಾಗಿ ಬಾಯಿಂದಲೇ ಓಡಿತು. ವ್ಯತ್ಯಾಸವೆಂದರೆ ನಮ್ಮದು ಒಮ್ಮೆಯೂ ಕೆಡಲಿಲ್ಲ.

ಎರಡನೆಯ ಅವತಾರ ಸೀಮೆಎಣ್ಣೆ. ಡ್ರಮ್ಮು ಕಳಚಿ, ಕಾರಿಗೆ ಎರಡು ಟಾಂಕಿ, ನಡುವೆ ಒಂದು ತಿರುಪು ಕೂರಿಸಿದರು. ಪೆಟ್ರೋಲಿನಲ್ಲಿ ಹೊರಡಿಸಿ, ಎಂಜಿನ್ನು ಬಿಸಿಯಾದ ಮೇಲೆ ತಿರುಪು ತಿರುಗಿಸಿ ಸೀಮೆಎಣ್ಣೆಗೆ ಬದಲಿಸುವುದು. ಬಿಸಿಯಾದ ಎಂಜಿನ್ನಿಗೆ ತಾನು ಏನು ಕುಡಿಯುತ್ತಿದ್ದೇನೆಂದು ತಿಳಿಯುವುದಿಲ್ಲವಂತೆ. ಹಬ್ಬದೂಟದ ಮೂರನೆಯ ಪಂಕ್ತಿಗೆ ನೀರು ಬೆರೆಸಿದ ಸಾರು ಬಡಿಸುವ ಹಾಗೆ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲ. ಅಕ್ಕನ ಅಡಿಗೆಮನೆಯ ಬುಡ್ಡಿ ಆರಿತು. ಸಂಜೆಯೊಳಗೆ ಅಡಿಗೆ ಮುಗಿಸುವುದನ್ನು ಕಲಿತಳು. "ಚಿಮಣಿ ಎಣ್ಣೆ ಎಲ್ಲೈತ್ರೀ?" ಎಂದರೆ "ಊರೆಲ್ಲ ಸುತ್ತಿ ಬಂದೈತಿ" ಎನ್ನುತ್ತಿದ್ದರು ಭಾವ. ಹಿಂದೆ ಬಿಳೀ ಹೊಗೆ, ಮುಂದೆ ಬುದ್ಧಿವಂತಿಕೆ. ಕೀಲಿ ತೆಗೆದ ಮೇಲೂ ಎಂಜಿನ್ನು ಸುಮಾರು ಹೊತ್ತು ಗೊಣಗುತ್ತಿತ್ತು. ಮಾತು ಮುಗಿದದ್ದು ತಿಳಿಯದ ಆ ಕಟ್ಟೆಯ ನಾಲ್ವರ ಹಾಗೆಯೇ.

ಆ ಪಂಚಮಿಗೆ ಹರಿಹರದ ಹೊರವಲಯದವರೆಗೂ ಬಂದೆವು. ನದಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎದುರಿಗೆ ದನ ಬಂದವೆಂದು ನಿಲ್ಲಿಸಿದ್ದೇ, ಎಂಜಿನ್ನು ಆರಿತು. ಮತ್ತೆ ಹೊರಡಿಸಲು ಪೆಟ್ರೋಲು ಬೇಕು. ಪೆಟ್ರೋಲಿನ ಟಾಂಕಿಯಲ್ಲಿ ಒಂದು ತೊಟ್ಟೂ ಇರಲಿಲ್ಲ, ಉಳಿತಾಯ ಮಾಡಿದ್ದರು! ಅಕ್ಕ ಇಳಿದು ದಬ್ಬಿದಳು, ನಾನೂ ದಬ್ಬಿದೆ. "ನಡೆದೇ ಹೋಗ್ತೀನ್ರೀ, ಇನ್ನೊಂದು ಮೈಲಿ" ಎಂದಳು. "ಕಾರಿಟ್ಕೊಂಡೋನ ಹೆಂಡ್ತಿ ನಡ್ಕೊಂಡು ತವರಿಗೆ ಹೋಗೋದಾ?" ಎಂದು ಭಾವ ಗದರಿದರು. ಲಾರಿಯವನೊಬ್ಬನನ್ನು ಕಾಡಿಬೇಡಿ ಒಂದು ಸೀಸೆ ಪೆಟ್ರೋಲು ಪಡೆದು ಮನೆ ಮುಟ್ಟಿದಾಗ ಹಾಲೆರೆದಾಗಿತ್ತು, ಊಟವೂ ಆಗಿತ್ತು. ಎಣ್ಣೆಯ ಡಬ್ಬಿಯೂ ಉಂಡಿಯ ಬುಟ್ಟಿಯೂ ಅಕ್ಕನ ಮಡಿಲಲ್ಲೇ ಇದ್ದುದರಿಂದ ಉಂಡಿಯೆಲ್ಲ ಸೀಮೆಎಣ್ಣೆ ನಾರುತ್ತಿತ್ತು. ನಾಯಿಗೆ ಹಾಕಿದರು. ಮೂಸಿ ಹೋಯಿತು.

ಇವೆರಡರ ನಡುವೆ ಬ್ಯಾಟರಿಯ ಪ್ರಯೋಗವೂ ಒಂದು ನಡೆಯಿತು. ಎಂಜಿನ್ನೇ ಬೇಡ, ಬರೀ ಸೆಲ್ಫ್ ಹೊಡೆಯುತ್ತ ಹೊಡೆಯುತ್ತ ಹೋಗೋಣವೆಂದು ಭಾವನವರು ಗೇರಿಗೆ ಹಾಕಿ ಗುಂಡಿ ಒತ್ತಿದರು. ಕಾರು ಹತ್ತು ಮಾರು ಕುಪ್ಪಳಿಸಿ ಗಟಾರಕ್ಕಿಳಿಯಿತು. ಶಿರಸ್ತೇದಾರರ ಪತ್ರಿಕೆಯವರಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲವೆಂದು ಕಾಣುತ್ತದೆ.

ಎರಡು ಪಂಚಮಿ ಹೀಗೆ ಹೋದವು. ಮೂರನೆಯದಕ್ಕೆ ಮುಂಚೆ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಅವಳ ಮೈಯಲ್ಲಿ ಮೊದಲಿನ ಶಕ್ತಿ ಇರಲಿಲ್ಲ. "ಎರಡು ವರ್ಷ ನಾನೇ ಎರೆದೆ. ಮನಿ ಮಗಳು ಎರೀಬೇಕಾದ ಹಾಲು. ಈ ಸಲ ನೀಲಿ ಬಂದ್ರೆ ಹಾಲು, ಬರದಿದ್ರೆ ನಾಗಪ್ಪ ಹಂಗೇ ಒಣಗಲಿ, ನಾನೂ ಒಣಗ್ತೀನಿ. ತಮ್ಮ ಅನ್ನಿಸ್ಕೊಂಡಿದ್ರೆ ಕರ್ಕೊಂಡು ಬಾ" ಎಂದಳು. ಅವ್ವ ಹಟ ಹಿಡಿದರೆ ಊಟ ಬಿಡುವವಳೇ. ನಾನು ಆ ದಿನದಿಂದಲೇ ಚಿಂತೆಗೆ ಕೂತೆ. ಟೈರು ಒಡೆದರೆ, ಮಳೆ ಬಂದರೆ, ಎಮ್ಮೆ ಅಡ್ಡ ಬಂದರೆ, ಎಂಜಿನ್ನಿಗೆ ಬೆಂಕಿ ಹತ್ತಿದರೆ... ಇಪ್ಪತ್ತೊಂದು ಸಂಗತಿ ಎಣಿಸಿ ಇಟ್ಟುಕೊಂಡಿದ್ದೆ. ಆದದ್ದು ಇಪ್ಪತ್ತೆರಡನೆಯದು.

ಅಷ್ಟರಲ್ಲಿ ಕಾರಿನ ಮೂರನೆಯ ಅವತಾರವಾಗಿತ್ತು. ಹಳೆಯ ಎಂಜಿನ್ನನ್ನು ಕಿತ್ತು, ಎಲ್ಲಿಂದಲೋ ತಂದ ಡೀಸೆಲ್ ಎಂಜಿನ್ನನ್ನು ಕೂರಿಸಿದ್ದರು. ಖಾದರ್ ಸಾಬರು ನನಗೆ ವ್ಯತ್ಯಾಸ ತಿಳಿಸಿದರು: "ನೋಡ್ರಿ, ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು. ಡೀಸಲ್‌ಗೆ ಕಿಡಿ ಬ್ಯಾಡ. ಒಳಗೆ ಗಾಳಿ 'ಗಚ್' ಅಂತ ಅಮುಕಿದ್ರೆ ಬಿಸಿ ಆಗ್ತೈತೆ, ಎಣ್ಣೆ ಬಿದ್ರೆ ತಾನೇ ಹತ್ಕೊಂತೈತೆ. ಕೆಲವರಿಗೆ ಬೈದ್ರೆ ಸಿಟ್ಟು ಬರ್ತೈತೆ, ಕೆಲವರಿಗೆ ಸುಮ್ಮನೆ ಅಮುಕಿ ಇಟ್ರೇ ಸಿಟ್ಟು ಬರ್ತೈತೆ, ಹಂಗೆ." ಇದನ್ನು ಅವರು ಎಂಜಿನ್ನಿನ ಬಗ್ಗೆಯೇ ಹೇಳಿದ್ದು. ನನಗೆ ಯಾಕೋ ಅಕ್ಕನ ಮುಖ ಕಣ್ಣ ಮುಂದೆ ಬಂತು.

ಅಮುಕಿದರೆ ಯಾವ ಎಣ್ಣೆಯಾದರೂ ಹತ್ತುತ್ತದೆ ಎಂಬ ಮಾತು ಭಾವನವರ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಶೇಂಗಾ ದಲಾಲಿಗೆ ಡೀಸೆಲ್ಲಿನ ಹಂಗೇಕೆ? ಗಾಣದಲ್ಲಿ ಕೆಳಗೆ ನಿಲ್ಲುವ ಗಸಿ ಇತ್ತು, ಮನೆಯಲ್ಲಿ ಅಡಿಗೆ ಎಣ್ಣೆಯ ಡಬ್ಬಿ ಇತ್ತು. ಡೀಸೆಲ್ಲಿನಲ್ಲಿ ಹೊರಡಿಸಿ, ಬಿಸಿಯಾದ ಮೇಲೆ ತಿರುಪು ತಿರುಗಿಸಿ ಶೇಂಗಾ ಎಣ್ಣೆಗೆ ಬದಲಿಸುವ ಹಾಗೆ ಕೊಳವೆ ಮಾಡಿಸಿದರು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಡಬ್ಬಿ ಮುಚ್ಚಿಡುತ್ತಾರಲ್ಲ!

ಅಂತೂ ಹಬ್ಬದ ಬೆಳಗ್ಗೆ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ, ಬುಟ್ಟಿ ಮಡಿಲಲ್ಲಿ. ನಾನು ಭಾವನವರ ಪಕ್ಕದಲ್ಲಿ, ಎಡಗೈ ಬಾಗಿಲ ಹಿಡಿಯ ಮೇಲೆ, ಹಾರಲು ಸಿದ್ಧನಾಗಿ. ನಂಬಿದರೆ ನಂಬಿ, ಕಾರು ಓಡಿತು. ಕೆಮ್ಮಲಿಲ್ಲ, ಗೊಣಗಲಿಲ್ಲ. ಊರು ದಾಟಿದ ಮೇಲೆ ಭಾವನವರು ತಿರುಪು ತಿರುಗಿಸಿ ನನ್ನ ಕಡೆ ಕಣ್ಣು ಮಿಟುಕಿಸಿದರು. ಆಗಲೂ ಓಡಿತು. ಬಾತಿಯ ಏರಿನಲ್ಲಿ ನಾನು ಅಭ್ಯಾಸಬಲದಿಂದ ಇಳಿಯಲು ಬಾಗಿಲು ತೆರೆದೆ. ಅಷ್ಟರಲ್ಲಿ ಏರು ಹಿಂದೆ ಬಿದ್ದಿತ್ತು. ಮನಸ್ಸು ಹಗುರಾಗಿ ಹಸಿವೆಯಾಯಿತು. ಹಸಿವೆಗೆ ತಕ್ಕಂತೆ ಮೂಗಿಗೆ ಬಿಸಿ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತು. ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ಇಬ್ಬರು ನಿಂತು ಅಂಗಡಿ ಎಲ್ಲಿದೆಯೆಂದು ಅತ್ತಿತ್ತ ನೋಡಿದರು. ನನ್ನ ಬಾಯಲ್ಲಿ ನೀರೂರಿತು. ಚಿಂತೆ ಮಾಡುವವನ ಮೂಗು ಸುಖ ಬಂದಾಗ ಹೇಗೆ ಮೋಸ ಹೋಗುತ್ತದೆ ನೋಡಿ.

ಹಿಂದಿನಿಂದ ಅಕ್ಕ, "ರೀ, ಯಾರೋ ಕರೀತಿದಾರೆ" ಎಂದಳು.

ಭಾವನವರು ತಿರುಗಿ ನೋಡಿದರು. ರಸ್ತೆ ಖಾಲಿ. "ಯಾರೂ ಕರೀತಿಲ್ಲ. ನಿಮ್ಮವ್ವ ಒಬ್ಬಾಕಿ ಕರೀತಿದಾಳೆ, ಹೊಂಟೀವಲ್ಲ."

"ಆ ಕರಿಯೋದಲ್ರೀ! ಎಣ್ಣ್ಯಾಗೆ ಕರಿಯೋದು. ಪಂಚಮಿ ದಿನ ಯಾವ ಮನಿಹಾಳರು ಬಾಂಡ್ಲಿ ಇಟ್ಟಾರೋ ನೋಡ್ರಿ."

ಭಾವನವರಿಗೆ ಆಗಲೂ ಹೊಳೆಯಲಿಲ್ಲ. ಹೊಗಳಿಕೆಗಾಗಿ ಕಾಯುತ್ತಿದ್ದವರು ಎದೆ ಉಬ್ಬಿಸಿ, "ಯಾವ ಮನೀದೂ ಅಲ್ಲ. ನಮ್ಮ ಕಾರಿಂದು! ಶೇಂಗಾ ಎಣ್ಣ್ಯಾಗೆ ಓಡ್ತೈತಿ. ಅರ್ಧ ಗಾಣದ ಗಸಿ, ಅರ್ಧ ನಿನ್ನ ಡಬ್ಬೀದು. ಹೆಂಗೆ?" ಎಂದರು.

ಅಕ್ಕ ಮಡಿಲ ಬುಟ್ಟಿಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ನಿಲ್ಲಿಸ್ರಿ" ಎಂದಳು ಅಕ್ಕ.

"ಯಾಕ?"

"ಹಬ್ಬದ ದಿನ ಎಣ್ಣೆ ಕಾಸ್ಕೊಂತ ಹೋಗಿ ನಾಗಪ್ಪಗೆ ಹಾಲು ಎರೀಲೇನು ನಾನು? ನಿಲ್ಲಿಸ್ರಿ ಅಂದೆ."

ಭಾವನವರು ನಿಲ್ಲಿಸಿದರು. ಹೆಂಡತಿ ಆ ದನಿಯಲ್ಲಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲವೆಂದು ಕಾಣುತ್ತದೆ. ಅಕ್ಕ ಬುಟ್ಟಿ ಹಿಡಿದು ಇಳಿದು ರಸ್ತೆಯಂಚಿಗೆ ನಿಂತಳು. ಭಾವನವರು ಕಿಟಕಿಯಿಂದ ತಲೆ ಹಾಕಿ ವಾದ ಹೂಡಿದರು. "ಏ ಹುಚ್ಚಿ, ಇದರಾಗೆ ಎಣ್ಣೆ ಕಾಯಂಗಿಲ್ಲ, ಉರಿತೈತಿ."

"ಅದು ಇನ್ನೂ ಕೆಟ್ಟದ್ದು."

"ಹಂಚಿಲ್ಲ, ಬಾಂಡ್ಲಿ ಇಲ್ಲ. ಕಬ್ಬಿಣದ ಒಳಗೆ ಏನಾಗ್ತೈತಿ ಅಂತ ನಾಗಪ್ಪಗೆ ಹೆಂಗೆ ಗೊತ್ತಾಗ್ತೈತಿ?"

"ನನಗೆ ಗೊತ್ತಾತಲ್ಲ, ಅವನಿಗೆ ಗೊತ್ತಾಗಂಗಿಲ್ಲೇನು?"

ಭಾವನವರು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳಪ್ಪ ಗುಮಾಸ್ತ, ನಿಮ್ಮಕ್ಕಗೆ" ಎಂದರು. ನಾನು ತೂಗಿ ನೋಡಿದೆ. ಹಾವು ಹನ್ನೆರಡು ವರ್ಷ ಸೇಡಿಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಭಾವನವರು ಎಷ್ಟು ವರ್ಷವೋ ತಿಳಿಯದು, ಮತ್ತು ಅದನ್ನು ತೀರಿಸುವುದು ಅಕ್ಕನ ಮೇಲೆ. ಹೀಗೆ ತೂಗುತ್ತ, "ಎರಡೂ ಕಡೆಯಿಂದ ನೋಡಿದ್ರೆ..." ಎಂದು ಶುರುಮಾಡಿದೆ. ಅಷ್ಟರಲ್ಲಿ ದಾವಣಗೆರೆಯ ಕಡೆಯಿಂದ ಬಸ್ಸು ಬಂತು. ಅಕ್ಕ ಕೈ ಅಡ್ಡ ಹಿಡಿದಳು.

"ನೀಲಾ, ಬಸ್ಸು ಹತ್ತಿದ್ರೆ ನೋಡು!" ಎಂದರು ಭಾವ. ಆದರೆ ಹಬ್ಬದ ಕಟ್ಟಳೆಗೆ ಎದುರಾಗಿ ಮಂಡಿಯ ಮರ್ಯಾದೆಯ ಬಾಯಿ ಪೂರ್ತಿ ತೆರೆಯಲಿಲ್ಲ. ಅಕ್ಕ ಅವರ ಕಡೆ ನೋಡಲೇ ಇಲ್ಲ. ಕಂಡಕ್ಟರನಿಗೆ, "ತಮ್ಮಾ, ನಿಮ್ಮ ಬಸ್ಸಿಗೆ ಏನು ಹಾಕ್ತೀರಪ್ಪ?" ಎಂದು ಕೇಳಿದಳು.

ಅಂಥ ಪ್ರಶ್ನೆ ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. "ಡೀಸಲು ಹಾಕ್ತೀವಮ್ಮ. ಯಾಕ್ರೀ?"

"ಅದು ತಿನ್ನೋ ಎಣ್ಣೆ ಅಲ್ಲ, ಹೌದಿಲ್ಲೋ?"

"ಅದನ್ನ ಯಾರು ತಿಂತಾರ್ರೀ ಅಮ್ಮಾ!"

"ಹಂಗಾದ್ರೆ ಹತ್ತತೀನಿ" ಎಂದು ಹತ್ತಿಬಿಟ್ಟಳು. ಮುಂದಿನ ಕಿಟಕಿಯಿಂದ ಒಬ್ಬ ಅಜ್ಜಿ ಮೂಗು ಮುಚ್ಚಿಕೊಂಡು ನಮ್ಮ ಕಾರಿನ ಕಡೆ ಬೆರಳು ತೋರಿಸುತ್ತಿದ್ದಳು.

ಅಕ್ಕನನ್ನು ತವರಿಗೆ ಕರೆತರುವುದು ತಮ್ಮನ ಕೆಲಸ. ನಾನೂ ಓಡಿ ಹತ್ತಬೇಕಾಗಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಭಾವನವರನ್ನು ಒಬ್ಬರನ್ನೇ ಬಿಟ್ಟರೆ ಸಿಟ್ಟಿನಲ್ಲಿ ಮರಕ್ಕೆ ಗುದ್ದಿಯಾರು; ಹತ್ತದಿದ್ದರೆ ಅವ್ವ ಏನೆಂದಾಳು; ಹತ್ತಿದರೆ ನಾಳೆ ಅಕ್ಕನ ಗತಿ... ನಾನು ಮೂರನೆಯ ಚಿಂತೆ ಮುಗಿಸುವ ಮೊದಲೇ ಕಂಡಕ್ಟರ್ "ರೈಟ್" ಎಂದ. ಒಂದೇ ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಂಟಿ ರಸ್ತೆಯ ಮೇಲೆ ಉಳಿದೆ. ತಾನು ಕರೆತರಬೇಕಾದ ಅಕ್ಕ ತಾನೇ ಹೋಗುವುದನ್ನು ನಿಂತು ನೋಡಿದ ತಮ್ಮ ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಭಾವನವರು ಇಳಿದು, ಎಣ್ಣೆಯ ಕೊಳವೆಯನ್ನು ಬಹಳ ಹೊತ್ತು ತಟ್ಟಿ ನೋಡಿದರು. ಆಮೇಲೆ ಅದೇ ಎಣ್ಣೆಯಲ್ಲಿ, ಅದೇ ವಾಸನೆಯಲ್ಲಿ ಹೊರಟೆವು. ಡೀಸೆಲ್ಲಿನ ಕಡೆಗೆ ತಿರುಪು ತಿರುಗಿಸಿಬಿಡೋಣವೇ ಎಂದು ನಾನು ಕೇಳಿದೆ. ಅವರು ತತ್ತ್ವ ಬಿಡುವವರಲ್ಲ. ಕಾರು ಒಂದು ಸಲವೂ ನಿಲ್ಲದೆ ಹರಿಹರ ಸೇರಿತು. ಅದರ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅದು ಓಡಿದ್ದು ಅದೊಂದೇ ದಿನ. ಹೊಗಳಲು ಒಳಗೆ ಯಾರೂ ಇರಲಿಲ್ಲ.

ನಮ್ಮ ಓಣಿಗೆ ತಿರುಗಿದ್ದೇ ತಡ, ಹಾಲಿನ ಗಿಂಡಿ ಹಿಡಿದು ಹುತ್ತದಿಂದ ಬರುತ್ತಿದ್ದ ಹೆಂಗಸರು ಗೋಡೆಗೆ ಒತ್ತಿ ನಿಂತು ಸೆರಗು ಮೂಗಿಗೆ ಹಿಡಿದರು. "ಅಯ್ಯೋ ಶಿವನೇ, ಯಾರ ಮನ್ಯಾಗೆ ಕರೀತಾರೆ ಇವತ್ತು?" "ಮನ್ಯಾಗಲ್ಲವ್ವ, ಗಾಡ್ಯಾಗೆ ಕರೀತಾರೆ!" ಓಣಿಯ ಎಲ್ಲ ಬಾಗಿಲೂ ತೆರೆದವು. ಅವ್ವ ಹೊಸ್ತಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ; ಬೆಳಗಿನಿಂದ ಉಪವಾಸವಿದ್ದು ಆಗಷ್ಟೇ ಊಟ ಮಾಡಿದವರ ಶಾಂತಿ ಇತ್ತು. ಅದನ್ನು ನೋಡಿ ನನಗೆ ಜೀವ ಬಂತು.

"ಬರ್ರಿ ಅಳಿಯಂದ್ರೇ, ಕೈಕಾಲು ತೊಳ್ಕೊಂಡು ಒಳಗೆ ಬರ್ರಿ" ಎಂದಳು. "ಅದು ಬ್ಯಾಡ. ಅದನ್ನ ಊರ ಹೊರಗೆ ಬಿಟ್ಟು ಬರ್ರಿ."

ಭಾವನವರು ಹೊಳೆಯ ದಂಡೆಯಲ್ಲಿ ಕಾರು ಬಿಟ್ಟು ನಡೆದುಕೊಂಡು ಬಂದರು. ಕಾರಿಟ್ಟುಕೊಂಡವರೇ ನಡೆದು ಬಂದರು! ನಾನು ನಾಲ್ಕು ಹೆಜ್ಜೆ ಹಿಂದೆ ಬಂದೆ, ನನ್ನ ನಗು ಅವರಿಗೆ ಕಾಣಬಾರದೆಂದು.

ಒಳಗೆ ಮಣ್ಣಿನ ನಾಗಪ್ಪ ಹಾಲಿನಲ್ಲಿ ತೊಯ್ದು ಹೊಳೆಯುತ್ತಿದ್ದ. ಅಕ್ಕ ಗೋಡೆಗೊರಗಿ ಕಾಲು ಚಾಚಿ, ತವರಿನಲ್ಲಿ ಕೂರುವವರು ಮಾತ್ರ ಕೂರುವ ಹಾಗೆ ಕೂತಿದ್ದಳು. ಕೈಯಲ್ಲಿ ಎಳ್ಳುಂಡಿ. ನನ್ನನ್ನು ಕಂಡು, "ನಿನ್ನ ಪಾಲೂ ಎರದೀನಪ್ಪ, ಅಂಜಬ್ಯಾಡ" ಎಂದಳು. ಗಂಡನನ್ನು ಕಂಡು ಕಾಲು ಮಡಿಸಿಕೊಂಡಳು, ಅಷ್ಟೆ.

ಭಾವನವರು ಚಾಪೆಯ ಮೇಲೆ ಕೂತರು. ಅವ್ವ ಇಟ್ಟ ನೀರನ್ನು ಕುಡಿದರು. ನೆರೆಹೊರೆಯ ಹೆಂಗಸರು ಬಾಗಿಲಲ್ಲಿ ನಿಂತೇ ಇದ್ದರು. ಇಷ್ಟು ಜನರೆದುರು ಏನಾದರೂ ಗದರದಿದ್ದರೆ ಮಾನ ಉಳಿಯುವುದಿಲ್ಲವೆಂದು ಅವರಿಗೆ ಅನ್ನಿಸಿರಬೇಕು. ಗಂಟಲು ಸರಿಮಾಡಿಕೊಂಡು, "ಕಾರಿಟ್ಕೊಂಡೋನ ಹೆಂಡ್ತಿ, ಆ ಬಸ್ಸಿನಾಗೆ ಹೆಂಗೆ ಬಂದಿ ನೀನು?" ಎಂದು ಕೇಳಿದರು.

ಅಕ್ಕ ಉಂಡಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, "ಕುಂತ್ಕೊಂಡು ಬಂದೆ ನೋಡ್ರಿ" ಎಂದಳು.